ಬಾಗಿಲಿಗೆ ಅಂಟಿಸಿದ್ದು

ಕಾರವಾರದ ಕೋಡಿಬಾಗದಲ್ಲಿ
ಕಾಳಿ ನದಿಗೆ ಬೆನ್ನು ಹಾಕಿ ಕೂತ ಲೂಥರನ್ ಶಾಲೆ.
ಎಲ್‌ಕೆಜಿ ಕೋಣೆಗೆ ಎರಡು ಬಾಗಿಲು.
ಒಂದು ಅಂಗಳಕ್ಕೆ. ಇನ್ನೊಂದರ
ಬೀಗದ ಕೈ ಕಳೆದು ಏಳು ವರ್ಷ.

ನಾನು ಬೆಟಗೇರಿಯವಳು.
ಬಂದ ಹೊಸತರಲ್ಲಿ ಬಂಗಡೆಯ ವಾಸನೆಗೆ
ಮೂಗಿಗೆ ಸೆರಗು ಹಿಡಿದೇ ಹಾಜರಿ ಕೂಗಿದವಳು.
ಇಪ್ಪತ್ತಾರು ಮಕ್ಕಳು: ಹದಿನೇಳು ಅಳುವವರು,
ಉಳಿದವರು ಅಳುವವರನ್ನು ನೋಡುವವರು.

ಆಫೀಸಿನಿಂದ ನಿಯಮ ಬಂತು, ಲ್ಯಾಮಿನೇಟ್ ಆಗಿ:
ನೀರು ಬೇಕಿದ್ದರೆ ಎದ್ದು ನಿಂತು
'ಮಿಸ್, ಮೇ ಐ ಡ್ರಿಂಕ್ ವಾಟರ್.'
ಕೈಸನ್ನೆ ಇಲ್ಲ, ಮನೆಮಾತು ಇಲ್ಲ.
ಕರಿಹಲಗೆಯ ಪಕ್ಕ ತೂಗುಹಾಕಿದೆ,
ಓದು ಬಾರದ ನಾಲ್ಕು ವರ್ಷದವರಿಗೆ
ಚೆನ್ನಾಗಿ ಕಾಣುವ ಎತ್ತರದಲ್ಲಿ.

ದಸರೆ ರಜೆ ಮುಗಿದ ಮೇಲೆ ಒಬ್ಬಳು ಸೇರಿದಳು,
ಉತ್ಕರ್ಷಾ ತಾಂಡೇಲ. ಹೆಸರು ಅವಳಿಗಿಂತ ಉದ್ದ.
ಬೈತಖೋಲ ಬಂದರಿನ ಐಸ್ ಕಾರ್ಖಾನೆಯ ಹಿಂದೆ ಮನೆ.
ಹನ್ನೊಂದು ಗಂಟೆಗೆ ಎದ್ದು ನಿಂತಳು: 'ಉದಾಕ.'
ಹೇಗೆ ಕೇಳಬೇಕು? ಎಂದೆ.
ಇನ್ನೂ ಸಣ್ಣಗೆ: 'ಉದಾಕ.'
ತಿಳಿದಿತ್ತು ನನಗೆ. ಅಷ್ಟು ಕೊಂಕಣಿ
ಮೀನು ತರುವ ಮೋಂತಿನಳಿಂದ ಕಲಿತಿದ್ದೆ.
ತಿಳಿಯದವಳ ಮುಖ ಮಾಡಿದೆ.
ಅವಳು ಕೂತಳು.
ಕಪಾಟಿನ ಮೇಲಿದ್ದ ಗುಲಾಬಿ ಬಾಟಲಿ
ತುಂಬಿದ ಹಾಗೆಯೇ ಮನೆಗೆ ಹೋಯಿತು.
ಮೂರು ದಿನ.

ತಿಂಗಳ ಕೊನೆಗೆ ಸುಧಾರಣೆಯ ಹಬ್ಬ.
ಚಿಕ್ಕವರಿಗೂ ಕತೆ ಹೇಳಿ ಎಂದರು ಪಾಸ್ಟರು.
ಹೇಳಿದೆ: ಆಫೀಸಿನ ಗೋಡೆ ಮೇಲೆ ಇದ್ದಾರಲ್ಲ
ದುಂಡು ಕೆನ್ನೆಯ, ಕರಿ ಟೋಪಿಯ ಅಜ್ಜ,
ಅವರಿಗೆ ಒಂದು ಸಲ ತುಂಬ ಸಿಟ್ಟು ಬಂತು.
ಕಿರುಚಲಿಲ್ಲ. ಕಚ್ಚಲಿಲ್ಲ (ತನುಷನ ಕಡೆ ನೋಡಿದೆ).
ಸರಿಯಿಲ್ಲದ್ದನ್ನೆಲ್ಲ ಕಾಗದದಲ್ಲಿ ಬರೆದು
ದೊಡ್ಡ ಚರ್ಚಿನ ಬಾಗಿಲಿಗೆ
ಠಕ್ ಠಕ್ ಠಕ್
ಮೊಳೆ ಹೊಡೆದರು.
ಎಷ್ಟು, ಮಿಸ್? ತೊಂಬತ್ತೈದು.
ಇಪ್ಪತ್ತರಾಚೆ ಎಣಿಕೆ ಬಾರದವರು ಬಾಯಿ ಕಳೆದು ಕೂತರು.

ಮಾರನೆ ದಿನ ಊಟದ ಬಿಡುವು ಮುಗಿಸಿ ಬಂದರೆ
ಬೀಗದ ಬಾಗಿಲ ತುಂಬ ಕಾಗದ.
ಮೊಳೆ ಸಿಕ್ಕಿರಲಿಲ್ಲ; ಡಬ್ಬಿಯ ಅನ್ನ
ಹಿಸುಕಿ ಅಂಟಿಸಿದ್ದರು. ಎಲ್ಲಕ್ಕಿಂತ ಮೇಲಿನದು
ನನ್ನ ಸೊಂಟದ ಮಟ್ಟಕ್ಕೆ.
ಒಬ್ಬೊಬ್ಬರಿಂದ ಓದಿಸಿದೆ.
ಸುರುಳಿ ಸುರುಳಿ ಗೀಟು: ಮಲಗು ಅಂದಾಗ ನಿದ್ದೆ ಬರೂದಿಲ್ಲ.
ಕೆಂಪು ಚುಕ್ಕೆ: ಶೂ ಕಚ್ತದೆ.
ಸೂರ್ಯ, ಅಥವಾ ಇಡ್ಲಿ: ಆಯಿ ಟಾಟಾ ಮಾಡದೇ ಹೋದಳು.
ತನುಷನದು ಖಾಲಿ.
'ನಂದೇನೂ ಇಲ್ಲ. ಅಂಟಿಸ್ಲಿಕ್ಕೆ ಚಂದ ಇತ್ತು.'

ಉತ್ಕರ್ಷಾಳದು ಒಂದೇ ನೀಲಿ ಗೆರೆ.
ಕಾಗದ ದಾಟಿ, ಬಾಗಿಲ ಮರದ ಮೇಲೂ ಹರಿದು
ಕ್ರೆಯಾನ್ ಮುರಿದಲ್ಲಿ ನಿಂತಿತ್ತು.
ಇದೇನು ಎಂದು ನಾನು ಕೇಳಲಿಲ್ಲ.
ಅವಳು ಹೇಳಲೂ ಇಲ್ಲ. ಇಡೀ ಕ್ಲಾಸು ಹೇಳಿತು:
'ಉದಾಕ, ಮಿಸ್.'

ಸಂಜೆ ಕೀಳಲು ನಿಂತೆ. ಅನ್ನ ಒಣಗಿ ಕಲ್ಲು.
ಉಗುರಿನಿಂದ ಕೆರೆಯುವಾಗ ನೆನಪಾಯಿತು,
ಕತೆಯ ಉಳಿದರ್ಧ ನಾನು ಹೇಳಿರಲಿಲ್ಲ.
ಆಮೇಲೆ ಆ ಸಿಟ್ಟಿನ ಮನುಷ್ಯ
ಕೋಣೆ ಹೊಕ್ಕು, ದೊಡ್ಡವರ ಭಾಷೆಯಲ್ಲಿದ್ದ ಪುಸ್ತಕವನ್ನು
ಅಡುಗೆಮನೆಯ, ಸಂತೆಯ, ತೊಟ್ಟಿಲ ಬದಿಯ ಮಾತಿಗೆ
ಒಂದೊಂದೇ ಶಬ್ದ ಹುಡುಕಿ ತಂದದ್ದು.
ಬೆಟಗೇರಿಯ ಸಂಡೇಸ್ಕೂಲಿನಲ್ಲಿ
ಇದನ್ನೇ ತಪ್ಪಿಲ್ಲದೆ ಒಪ್ಪಿಸಿ
ಒಂದು ಕಂಪಾಸ್ ಪೆಟ್ಟಿಗೆ ಗೆದ್ದಿದ್ದೆ.

ಮರುದಿನ, ಹನ್ನೊಂದು ಗಂಟೆ.
ಗುಲಾಬಿ ಬಾಟಲಿ ಇಳಿಸಿಕೊಂಡು
ಅವಳೆದುರು ಕುಕ್ಕರಗಾಲಲ್ಲಿ ಕೂತು ಕೇಳಿದೆ:
'ಉದಕಾ... ಜಾಯಿ?'
ಇಪ್ಪತ್ತಾರು ಮಕ್ಕಳು ಹೊಟ್ಟೆ ಹಿಡಿದು ನಕ್ಕರು.
ಅವಳು ನಗಲಿಲ್ಲ.
ನನ್ನದೇ ಮುಖ ಮಾಡಿ, ಹುಬ್ಬು ಏರಿಸಿ,
ಹೇಗೆ ಹೇಳಬೇಕು ಎಂಬಂತೆ ನೋಡಿದಳು.
'ಉ. ದಾ. ಕ.'

ನಾನು ಸರಿಯಾಗಿ ಹೇಳುವ ತನಕ
ಬಾಟಲಿ ಮುಟ್ಟಲಿಲ್ಲ.